ಅಪ್ಪನಿಗೆ ಇಟ್ಟ ಪ್ಲೇಟು

ಫೋಟೋಗ್ರಾಫರನ ಅಪ್ಪ ಸತ್ತಿದ್ದಾನೆ, ಮನೆಯಲ್ಲಿ ಅವನದೊಂದು ಫೋಟೋ ಇಲ್ಲ. ಹೊರಗಿನವರು ಕೇಳಿದರೆ ನಗುತ್ತಾರೆ. ಸುಭದ್ರಮ್ಮನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅಪ್ಪನ ಉಸಿರು ನಿಂತಾಗಿನಿಂದ ಅವಳ ಮೈಯಲ್ಲಿ ಓಡಾಡುತ್ತಿದ್ದದ್ದು ಸಿಟ್ಟೊಂದೇ. ಹೆಂಗಸರು ಬಂದು ತಬ್ಬಿಕೊಂಡು ಅತ್ತರು, ಇವಳು ಕಂಬದ ಹಾಗೆ ನಿಂತಿದ್ದಳು. "ಪಾಪ, ಕಲ್ಲಾಗಿಬಿಟ್ಟಿದ್ದಾಳೆ" ಅಂದುಕೊಂಡರು. ಕಲ್ಲೂ ಇಲ್ಲ ಮಣ್ಣೂ ಇಲ್ಲ, ಬೀದಿ ಬಾಗಿಲಿಗೆ ಕಣ್ಣು ನೆಟ್ಟು ತಮ್ಮನಿಗೆ ಕಾಯುತ್ತಿದ್ದಳು ಅಷ್ಟೇ.

ಸತ್ತವನು ಕೊಟ್ರಬಸಪ್ಪ. ಭದ್ರಾವತಿಯ ಹಳೇ ಊರಿನಲ್ಲಿ ಬೆಲ್ಲದ ಅಂಗಡಿ ಇಟ್ಟುಕೊಂಡು, ಯಾರ ತಂಟೆಗೂ ಹೋಗದೆ ಬದುಕಿದ್ದವನು. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ಮೈತುಂಬ ವಿಭೂತಿ ಬಳಿದು, ಬೆನ್ನಿಗೆ ಹಲಗೆ ಕೊಟ್ಟು, ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರೆ. ಎಡಗೈಯಲ್ಲಿ ಲಿಂಗ, ತಲೆಗೆ ಪೇಟ. ಹೂವಿನ ವಿಮಾನದಲ್ಲಿ ಕೂತೇ ಮೆರವಣಿಗೆ, ಗುಣಿಯೊಳಗೂ ಕೂತೇ ಇರುವುದು. ಅನುಕೂಲಸ್ಥರ ಮನೆಗಳಲ್ಲಿ ಹಾಗೆ ಕೂರಿಸಿದಾಗ ಒಂದು ಫೋಟೋ ತೆಗೆಸುವುದು ಆಗಲೇ ರೂಢಿಗೆ ಬಂದಿತ್ತು. ಎಷ್ಟೋ ಜನಕ್ಕೆ ಹುಟ್ಟಿದಾಗಿನಿಂದ ಅದೇ ಮೊದಲನೇ ಫೋಟೋ, ಅದೇ ಕೊನೇದು. ಶಿವಮೊಗ್ಗದ ಸುತ್ತಮುತ್ತ ಆ ಕೆಲಸದಲ್ಲಿ ಹೆಸರು ಮಾಡಿದವನು ಯಾರು ಅಂದರೆ ಸುಭದ್ರಮ್ಮನ ಸ್ವಂತ ತಮ್ಮ ಗಂಗಾಧರಪ್ಪ. ಊರಿನವರ ಅಪ್ಪಂದಿರನ್ನೆಲ್ಲ ತೆಗೆದುಕೊಟ್ಟಿದ್ದ. ತನ್ನ ಅಪ್ಪನನ್ನು ಬದುಕಿದ್ದಾಗ ಒಂದು ದಿನವೂ ಕ್ಯಾಮೆರಾದ ಮುಂದೆ ನಿಲ್ಲಿಸಿರಲಿಲ್ಲ.

ಯಾಕೆ ನಿಲ್ಲಿಸಿರಲಿಲ್ಲ ಅಂದರೆ ಅವನಿಗೆ ಪುರುಸೊತ್ತಿರಲಿಲ್ಲ. ಹೊಟ್ಟೆಪಾಡಿಗೆ ಜನರ ಮುಖ ತೆಗೆಯುತ್ತಿದ್ದ, ಮನಸ್ಸಿದ್ದದ್ದೆಲ್ಲ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೇಲೆ. ಭಾನುವಾರ ಬಂತೆಂದರೆ ಶಿವಮೊಗ್ಗದಲ್ಲಿ ಸ್ಟುಡಿಯೋ ಬಾಗಿಲು ಹಾಕಿ, ಕ್ಯಾಮೆರಾ ಪೆಟ್ಟಿಗೆ ಹೊತ್ತು ರೈಲು ಹತ್ತಿ ಭದ್ರಾವತಿಗೆ ಬರುತ್ತಿದ್ದ. ಭದ್ರಾ ಹೊಳೆಯ ಈಚೆ ದಡದ ಕರೀ ಬಂಡೆಗಳ ಮೇಲೆ ಮುಕ್ಕಾಲಿ ಊರಿ, ಆಚೆ ದಡದ ಕಡೆಗೆ ಕಣ್ಣು. ಅಲ್ಲಿ ಚಿಮಣಿಗಳು, ಕುಲುಮೆ, ತಗಡಿನ ಷೆಡ್ಡುಗಳು, ಎಲ್ಲದರ ಮೇಲೆ ಹೊಗೆ. ಹೊಗೆ ಇವನು ಹೇಳಿದ ಹಾಗೆ ಕೇಳುತ್ತದೆಯೇ? ಅದು ನೆಟ್ಟಗೆ ನಿಲ್ಲುವವರೆಗೆ ಇವನೂ ನೆಟ್ಟಗೆ ನಿಂತಿರುತ್ತಿದ್ದ. "ಅದರಲ್ಲಿ ಏನಿದೆ ಅಂತ ಸಾಯ್ತೀಯೋ ಮಾರಾಯ" ಅಂತ ಸುಭದ್ರಮ್ಮ ಕೇಳಿದರೆ, "ನಿನಗೆ ಗೊತ್ತಾಗಲ್ಲ ಬಿಡಕ್ಕ" ಅನ್ನುತ್ತಿದ್ದ. ಗೊತ್ತಾಗದೆ ಏನು? ಗಂಡ ಹೋದ ಮೇಲೆ ವರ್ಷಗಟ್ಟಲೆ ತಮ್ಮನ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ, ಫೋಟೋ ಹಿಡಿಯುವ ಗಾಜಿನ ಪ್ಲೇಟು ತೊಳೆದವಳೇ ಇವಳು. ಬೆರಳ ತುದಿ ಕಂದುಬಣ್ಣಕ್ಕೆ ತಿರುಗಿದ್ದು ಇನ್ನೂ ಹೋಗಿರಲಿಲ್ಲ. ಅಪ್ಪನಿಗೆ ಕೆಮ್ಮು ಹಿಡಿದ ಮೇಲೆ ನೋಡಿಕೊಳ್ಳಲು ಭದ್ರಾವತಿಗೆ ಬಂದಿದ್ದಳು.

ಆ ಅಪ್ಪನೋ, ಮಗ ಬರುತ್ತಾನೆಂದರೆ ಅಂಗಡಿ ಬಿಟ್ಟು ಹೊಳೆ ದಡಕ್ಕೆ ಹೊರಟುಬಿಡುತ್ತಿದ್ದ. ಕ್ಯಾಮೆರಾ ಕೊಡಿಸಿದವನೂ ಅವನೇ. ಬಿಸಿಲು ಕ್ಯಾಮೆರಾದ ಕಣ್ಣಿಗೆ ಹೊಡೆಯಬಾರದೆಂದು ಕೊಡೆ ಹಿಡಿದು ಪಕ್ಕದಲ್ಲಿ ನಿಲ್ಲುವುದು ಅವನ ಕೆಲಸ. ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಒಂದೆರಡು ಸಲ ಮಾತ್ರ ಒಗೆದ ಅಂಗಿ ತೊಟ್ಟು, ಹಬ್ಬದ ಪೇಟ ಸುತ್ತಿಕೊಂಡು ಹೋಗಿದ್ದ. "ನಂದೂ ಒಂದು ಹೊಡಿಯೋ" ಅಂತ ಕೇಳಿದ್ದ. "ಇವತ್ತು ಹೊಗೆ ಚೆನ್ನಾಗಿದೆ ಅಪ್ಪ. ನೀನೆಲ್ಲಿ ಓಡಿಹೋಗ್ತೀಯ, ಬರೋ ವಾರ ತೆಗೀತೀನಿ" ಅಂದಿದ್ದ ಮಗ. ಅಪ್ಪ ಮನೆಗೆ ಬಂದು ಪೇಟ ಬಿಚ್ಚಿ ಗೂಟಕ್ಕೆ ಹಾಕಿದ್ದನ್ನು ಸುಭದ್ರಮ್ಮ ಕಣ್ಣಾರೆ ನೋಡಿದ್ದಳು. "ತೆಗೆದ್ನಾ ಅಪ್ಪ?" ಅಂದರೆ, "ಅವನ ಕೆಲಸ ಅವನಿಗೆ ಗೊತ್ತು, ಸುಮ್ಮನಿರು" ಅಂದಿದ್ದ.

ಆಮೇಲೆ ಎರಡನೇ ಮಹಾಯುದ್ಧ ಬಂತು. ಸೀಮೆಯಿಂದ ಹಡಗಿನಲ್ಲಿ ಬರುತ್ತಿದ್ದ ಗಾಜಿನ ಪ್ಲೇಟುಗಳು ಬರುವುದು ನಿಂತುಹೋಯಿತು. ಕಾರ್ಖಾನೆಯ ಕಡೆಗೆ ಕ್ಯಾಮೆರಾ ತಿರುಗಿಸಿದರೆ ಪೊಲೀಸಿನವರು ಹಿಡಿಯುತ್ತಾರೆ ಅಂತಲೂ ಆಯಿತು. ಸದ್ಯ, ಈ ಹುಚ್ಚು ಇಲ್ಲಿಗೆ ಬಿಟ್ಟಿತು ಅಂದುಕೊಂಡಳು ಸುಭದ್ರಮ್ಮ. ಎಲ್ಲಿ ಬಿಡುತ್ತದೆ? ನರಸಿಂಹಮೂರ್ತಿ ಅಂತ ಒಬ್ಬ, ಕಾರ್ಖಾನೆಗೆ ಸೌದೆ ಒದಗಿಸುವ ಕಂಟ್ರಾಕ್ಟರು, ದೊಡ್ಡ ಕುಳ, ಮೇಲಿನವರ ಜೊತೆ ಓಡಾಡುವವನು, ಹೊಸ ವರ್ಷಕ್ಕೆ ಕ್ಯಾಲೆಂಡರ್ ಅಚ್ಚು ಹಾಕಿಸಿ ಸಾಹೇಬರುಗಳಿಗೆ ಹಂಚುವ ಯೋಚನೆ ಮಾಡಿದ. ಕ್ಯಾಲೆಂಡರಿಗೆ ಚಿಮಣಿಯ ಫೋಟೋ ಬೇಕು. ಓಡಾಡಿ ಒಂದೇ ಒಂದು ದಿನಕ್ಕೆ ಪರ್ಮಿಷನ್ನು ತಂದು ಗಂಗಾಧರಪ್ಪನ ಕೈಗೆ ಕೊಟ್ಟ. ಗಂಗಾಧರಪ್ಪನ ಹತ್ತಿರ ಉಳಿದಿದ್ದದ್ದು ಎರಡು ಪ್ಲೇಟು. ಮದರಾಸಿಗೆ ಬರೆದರೂ ಮೂರನೆಯದು ಸಿಕ್ಕಿರಲಿಲ್ಲ.

ಹಿಂದಿನ ದಿನವೇ ಬಂದು ಅಪ್ಪನ ಮನೆಯಲ್ಲಿ ಮಲಗಿದ್ದ. ಅಪ್ಪನಿಗೆ ಆಗಲೇ ಉಸಿರು ಮೇಲಕ್ಕೆ ಹತ್ತಿತ್ತು. ಬೆಳಗಾಗುತ್ತಲೂ ಕ್ಯಾಮೆರಾ ಪೆಟ್ಟಿಗೆ ಎತ್ತಿಕೊಂಡವನ ತೋಳನ್ನು ಸುಭದ್ರಮ್ಮ ಹಿಡಿದುಕೊಂಡಳು.

"ಅಪ್ಪನ ಸ್ಥಿತಿ ಸರಿ ಇಲ್ಲ ಕಣೋ. ಇವತ್ತು ಹೋಗಬೇಡ."

"ಇವತ್ತು ಬಿಟ್ರೆ ಇನ್ನು ಸಿಗಲ್ಲ ಅಕ್ಕ. ಇಲ್ಲೇ ಹೊಳೆ ದಡದಲ್ಲೇ ಇರ್ತೀನಲ್ಲ."

"ಹಾಗಾದ್ರೆ ಒಂದು ಪ್ಲೇಟು ಅಪ್ಪನಿಗೆ ಅಂತ ಇಟ್ಟುಕೋ. ಒಂದು ಅವರಿಗೆ, ಒಂದು ಅಪ್ಪನಿಗೆ. ಏನಾಗುತ್ತೋ ಏನೋ."

"ಆಯ್ತು ಅಕ್ಕ, ಇಟ್ಟುಕೋತೀನಿ" ಅಂದ. ಅಪ್ಪನ ಹಣೆ ಮುಟ್ಟಿ ಹೋದ. ಇಷ್ಟು ನಡೆದದ್ದು ಬೆಳಿಗ್ಗೆ.

ಹೊತ್ತೇರುವುದರೊಳಗೆ ಅಪ್ಪ ಹೋಗಿಬಿಟ್ಟ. ಪಕ್ಕದ ಅಂಗಡಿಯ ಭೈರಪ್ಪ ಹೊಳೆ ದಡಕ್ಕೆ ಓಡಿದ. ಓಡಿದವನು ಒಬ್ಬನೇ ವಾಪಸ್ಸು ಬಂದ.

"ಎಲ್ಲೋ ಅವನು?"

"ಬಂದೆ ಅನ್ನು ಅಂದ್ರು ಅಕ್ಕಾರೆ. ಕಂಟ್ರಾಕ್ಟರು ಜೊತೆಗಿದ್ರು. ಇವರು ಕ್ಯಾಮೆರಾದ ಕಪ್ಪು ಬಟ್ಟೆ ಹೊದ್ದುಕೊಂಡೇ ಇದ್ರು."

ಸುಭದ್ರಮ್ಮನ ಪಿತ್ತ ನೆತ್ತಿಗೇರಿತು. ಅಪ್ಪ ಸತ್ತ ಸುದ್ದಿ ಕಿವಿಗೆ ಬಿದ್ದ ಮೇಲೂ ಬಟ್ಟೆಯೊಳಗೆ ತಲೆ ಹುದುಗಿಸಿಕೊಂಡು ಹೊಗೆ ನೋಡುತ್ತಿರುವವನನ್ನು ಏನನ್ನಬೇಕು? ಮಗ ಅನ್ನಬೇಕೇ? ಆದರೂ ಹಲ್ಲು ಕಚ್ಚಿಕೊಂಡಳು. ಬರಲಿ, ಬಂದು ಅಪ್ಪನದೊಂದು ತೆಗೆಯಲಿ, ಆಮೇಲೆ ವಿಚಾರಿಸಿಕೊಳ್ಳೋಣ. ಪ್ಲೇಟೊಂದು ಇದೆಯಲ್ಲ, ಅಷ್ಟೇ ಅವಳಿಗೆ ಸಮಾಧಾನ.

ಅಪ್ಪನ ತಮ್ಮ ಷಣ್ಮುಖಪ್ಪ ಎಲ್ಲದರ ಯಜಮಾನಿಕೆ ವಹಿಸಿದ. ಸ್ನಾನವಾಯಿತು, ವಿಭೂತಿಯಾಯಿತು. ಅಂಗಳದ ಬಿಳೀ ಚಪ್ಪರದ ಕೆಳಗೆ ಅಪ್ಪನನ್ನು ಕೂರಿಸಿದರು. ಆ ಹಬ್ಬದ ಪೇಟವನ್ನೇ ಸುಭದ್ರಮ್ಮ ಗೂಟದಿಂದ ತೆಗೆದುಕೊಟ್ಟಳು. ಭಜನೆ ಶುರುವಾಯಿತು. ಮಧ್ಯಾಹ್ನ ಕಳೆದು, ಎಲ್ಲರೂ ಗಂಗಾಧರ ಎಲ್ಲಿ ಗಂಗಾಧರ ಎಲ್ಲಿ ಅಂತ ಗೊಣಗಲು ಹತ್ತಿದ ಮೇಲೆ ನರಸಿಂಹಮೂರ್ತಿಯ ಕಾರು ಬೀದಿಗೆ ಬಂತು. ಕಂಟ್ರಾಕ್ಟರು ಹೂವಿನ ಹಾರ ಹಿಡಿದು ಇಳಿದ. ಹಿಂದೆ ಕ್ಯಾಮೆರಾ ಪೆಟ್ಟಿಗೆ ತಬ್ಬಿಕೊಂಡು ಗಂಗಾಧರಪ್ಪ. ಅಪ್ಪನ ಕಾಲಿಗೆ ಬಿದ್ದು ಗೊಳೋ ಅಂತ ಅತ್ತ. ಎಲ್ಲರೂ ಎತ್ತಿ ಸಮಾಧಾನ ಮಾಡಿದರು. ಸುಭದ್ರಮ್ಮ ನಿಂತಲ್ಲಿಂದ ಅಲುಗಲಿಲ್ಲ.

"ಮೊದಲು ಫೋಟೋ ತೆಗಿ" ಅಂದಳು.

ಮುಕ್ಕಾಲಿ ಊರಿದ. ಕಪ್ಪು ಬಟ್ಟೆ ಹೊದ್ದು ಗಾಜಿನಲ್ಲಿ ನೋಡಿದ. ಹೊರಗೆ ಬಂದು ಸ್ಲೈಡನ್ನು, ಅಂದರೆ ಎರಡು ಪ್ಲೇಟು ಬೆನ್ನಿಗೆ ಬೆನ್ನಾಗಿ ಕೂರುವ ತೆಳು ಮರದ ಪೆಟ್ಟಿಗೆಯನ್ನು, ಕ್ಯಾಮೆರಾದ ಹಿಂದೆ ಸಿಕ್ಕಿಸಿದ. ಭಜನೆಯವರು ತಾಳ ನಿಲ್ಲಿಸಿದರು. ಕ್ಯಾಮೆರಾದ ಕಣ್ಣಿನ ಟೋಪಿ ತೆಗೆದ, ತುಟಿಯಲ್ಲೇ ಎಣಿಸಿದ, ಟೋಪಿ ಹಾಕಿದ. "ಆಯಿತು" ಅಂದ. ಜನ ಉಸಿರು ಬಿಟ್ಟರು. "ಅಂತೂ ಮಗ ಬಂದು ತೆಗೆದ, ಪುಣ್ಯಾತ್ಮ" ಅಂತ ಒಬ್ಬಳು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಮಾನಕ್ಕೆ ಬಾಳೆಕಂಬ ಕಟ್ಟಲು ಗಂಡಸರು ಎದ್ದರು.

ಸುಭದ್ರಮ್ಮನ ಕಣ್ಣು ಮಾತ್ರ ಆ ಸ್ಲೈಡಿನ ಮೇಲೇ ಇತ್ತು. ಸ್ಲೈಡಿನಲ್ಲಿ ಪ್ಲೇಟಿನ ಮುಂದೆ ಒಂದು ಮುಚ್ಚಳವಿರುತ್ತದೆ. ಅದನ್ನು ಮೇಲಕ್ಕೆ ಎಳೆದರೆ ತಾನೆ ಬೆಳಕು ಪ್ಲೇಟಿಗೆ ಬೀಳುವುದು. ಇವನು ಎಳೆದೇ ಇರಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ನಿಂತು ಅಪ್ಪನ ಚಿತ್ರ ಬರೆದ ಹಾಗೆ ನಟಿಸಿದ್ದ. ಇಡೀ ಅಂಗಳದಲ್ಲಿ ಅದು ಗೊತ್ತಾಗುವಂಥವರು ಇಬ್ಬರೇ, ಅವನು ಮತ್ತು ಇವಳು.

ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಮುಚ್ಚಳ ಎಳೀಲಿಲ್ಲ ನೀನು."

"ಅಕ್ಕ, ಮೆಲ್ಲಗೆ."

"ಯಾಕೆ ಎಳೀಲಿಲ್ಲ?"

ಅವನು ತಲೆ ತಗ್ಗಿಸಿ ಒಗೆಯುವ ಕಲ್ಲಿನ ಮೇಲೆ ಕೂತ. "ಎರಡೂ ಮುಗಿದುಹೋಗಿದೆ ಅಕ್ಕ. ಮೊದಲನೇದು ತೆಗೆದಾಗ ಗಾಳಿ ಬಂದು ಹೊಗೆ ಬಗ್ಗಿಬಿಡ್ತು. ಕಂಟ್ರಾಕ್ಟರು ಇನ್ನೊಂದು ಇದೆಯಲ್ಲ, ತೆಗೀರಿ ಅಂದ್ರು. ಪಕ್ಕದಲ್ಲೇ ನಿಂತಿದ್ರು. ಹೇಗೆ ಇಲ್ಲ ಅನ್ನಲಿ?"

"ಬಾಯಲ್ಲಿ ಅನ್ನಬೇಕಿತ್ತು. ಭೈರಪ್ಪ ಬಂದು ಹೇಳೋಕೆ ಮುಂಚೆಯೋ, ಹೇಳಿದ ಮೇಲೋ?"

ಅವನು ಇನ್ನೊಂದು ಕಡೆಗೆ ಮುಖ ತಿರುಗಿಸಿದ. ಹೇಳಿದ ಮೇಲೆಯೇ ಅನ್ನುವುದು ಅಷ್ಟರಲ್ಲೇ ತಿಳಿಯಿತು. ಸುಭದ್ರಮ್ಮನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ತಮ್ಮ, ಆ ಕೈ ಏಳಲಿಲ್ಲ, ಅದಕ್ಕೂ ಸಿಟ್ಟು ಬಂತು.

"ಇಷ್ಟು ವರ್ಷ ಆ ಹಾಳು ಚಿಮಣಿ ತೆಗೆದಿದ್ದೀಯ. ಬೀರು ತುಂಬ ಪ್ಲೇಟು. ಎಮ್ಮೆ ಬಿದ್ದಿದೆ, ಅಗಸರ ಕತ್ತೆ ಬಿದ್ದಿದೆ, ನಾನೇ ತೊಳೆದಿದ್ದೀನಿ. ಅಪ್ಪ ಯಾವುದರಲ್ಲೂ ಇಲ್ವಾ?"

"ಅಪ್ಪ ಕ್ಯಾಮೆರಾ ಪಕ್ಕ ಕೊಡೆ ಹಿಡ್ಕೊಂಡು ನಿಂತಿರ್ತಿದ್ದ. ಹೇಗೆ ಬೀಳ್ತಾನೆ? ಒಂದರಲ್ಲಿ ಮಾತ್ರ ಬಂಡೆ ಮೇಲೆ ನೆರಳು ಬಿದ್ದಿತ್ತು."

"ಎಲ್ಲಿದೆ ಅದು?"

"ಚಿತ್ರ ಕೆಡುತ್ತೆ ಅಂತ ಬ್ಲೇಡಿನಲ್ಲಿ ಕೆರೆದುಬಿಟ್ಟೆ."

ಇದನ್ನು ಕೇಳಿ ಸುಭದ್ರಮ್ಮ ಹಿಡಿದಿದ್ದ ಅವನ ತೋಳನ್ನು ಬಿಟ್ಟುಬಿಟ್ಟಳು. ಅದನ್ನು ಕ್ಷಮೆ ಅಂದುಕೊಂಡನೋ ಏನೋ, ಪುಣ್ಯಾತ್ಮ ಮುಂದುವರಿಸಿದ.

"ಅಕ್ಕ, ನೀನು ಸುಮ್ಮನಿದ್ದುಬಿಡು. ಪ್ಲೇಟು ಸಿಕ್ಕಿದ ಕೂಡಲೇ ಚಿಕ್ಕಪ್ಪನ್ನ ಕೂರಿಸಿ ತೆಗೀತೀನಿ. ಅಪ್ಪಂದೂ ಅವನದೂ ಮೂಗು ಒಂದೇ ಥರ. ವಿಭೂತಿ ಬಳಿದು ಪೇಟ ಕಟ್ಟಿದ್ರೆ ಯಾರಿಗೂ ಗೊತ್ತಾಗಲ್ಲ. ನಾನು ಸರಿ ಮಾಡ್ತೀನಿ."

"ಬದುಕಿರೋ ಚಿಕ್ಕಪ್ಪನ್ನ ಹೆಣದ ಹಾಗೆ ಕೂರಿಸ್ತೀಯಾ? ಅವನ್ನ ಕೇಳಿದ್ಯಾ? ಅವನ ಮುಖಕ್ಕೆ ನಾನು ದಿನಾ ಊದಿನಕಡ್ಡಿ ಹಚ್ಚಬೇಕಾ? ಥೂ, ನಿನ್ನ ಜನ್ಮಕ್ಕಿಷ್ಟು."

ಅಷ್ಟು ಹೊತ್ತಿಗೆ ಮುಂದಿನ ಅಂಗಳದಲ್ಲಿ "ಹರಹರ" ಅನ್ನುವುದು ಕೇಳಿಸಿತು. ವಿಮಾನ ಎತ್ತಿದ್ದರು. ಸುಭದ್ರಮ್ಮ ನಡುಮನೆ ದಾಟಿ ಓಡಿದಳು. ಅಪ್ಪ ಹೂವಿನ ನಡುವೆ ಕೂತು, ನಾಲ್ಕು ಹೆಗಲ ಮೇಲೆ ಮೆಲ್ಲಗೆ ವಾಲುತ್ತಾ ಬೀದಿ ಬಾಗಿಲ ಕಡೆ ಬರುತ್ತಿದ್ದ. ಹೊಸಿಲು ದಾಟಿದರೆ ಮುಗಿಯಿತು, ಆ ಮುಖ ಇನ್ನು ಯಾರಿಗೂ ಇಲ್ಲ. ಅವಳು ಹೋಗಿ ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಅಡ್ಡ ನಿಂತುಬಿಟ್ಟಳು. ಗಂಡನ ಮನೆಯಲ್ಲೂ ತವರಿನಲ್ಲೂ ಗಂಡಸರ ಎದುರು ಸೆರಗು ಸರಿಮಾಡಿಕೊಳ್ಳದೆ ನಿಂತವಳಲ್ಲ. ಈಗ ಸೆರಗು ಎಲ್ಲಿತ್ತೋ ಅವಳಿಗೆ ತಿಳಿಯದು.

"ಏನೇ ಸುಭದ್ರಾ ಇದು, ದಾರಿ ಬಿಡು" ಅಂದ ಷಣ್ಮುಖಪ್ಪ.

"ಬಿಡಲ್ಲ ಚಿಕ್ಕಪ್ಪ. ಅಪ್ಪನ ಫೋಟೋ ಆಗಿಲ್ಲ."

"ಆಯ್ತಲ್ಲೇ, ಎಲ್ಲರೂ ನೋಡಿದ್ವಲ್ಲ."

"ನೀವು ನೋಡಿದ್ದು ನಾಟಕ. ಅವನ ಪ್ಲೇಟು ಎರಡೂ ಚಿಮಣಿಗೆ ಖರ್ಚಾಗಿದೆ. ಸುಮ್ಮನೆ ಟೋಪಿ ತೆಗೆದು ಹಾಕಿದ. ನನ್ನ ಮಾತು ಸುಳ್ಳಾದ್ರೆ ಅವನನ್ನೇ ಕೇಳಿ."

ಎಲ್ಲರೂ ತಿರುಗಿ ಗಂಗಾಧರಪ್ಪನನ್ನು ನೋಡಿದರು. ನಡುಮನೆಯ ಬಾಗಿಲಲ್ಲಿ ನಿಂತವನು ಹೌದೆಂದು ತಲೆ ಆಡಿಸಿದ. ಪುಣ್ಯಾತ್ಮ ಅಂದಿದ್ದ ಆ ಮುದುಕಿ ಮುಖ ತಿರುಗಿಸಿದಳು. ಹೊತ್ತಿದ್ದವರಲ್ಲಿ ಒಬ್ಬ "ಭಾರ ಆಗ್ತಿದೆ, ಏನಾದ್ರೂ ಒಂದು ಹೇಳ್ರಪ್ಪ" ಅಂದ.

"ಪ್ಲೇಟಿಲ್ಲ ಅಂದ ಮೇಲೆ ಏನು ಮಾಡೋದಮ್ಮ? ಹಣೆಬರಹ" ಅಂದ ಷಣ್ಮುಖಪ್ಪ.

"ಹಣೆಬರಹ ಅಲ್ಲ, ಇವನ ಬುದ್ಧಿ. ಚಿಮಣಿ ಇರೋ ಪ್ಲೇಟಿನ ಮೇಲೇ ಅಪ್ಪನ್ನ ತೆಗೀಲಿ. ಚಿಮಣಿ ಕೆಟ್ಟರೆ ಕೆಡಲಿ."

ಅಲ್ಲಿಯವರೆಗೆ ಚಪ್ಪರದ ಮೂಲೆಯಲ್ಲಿ ಹಾರ ಹಿಡಿದೇ ನಿಂತಿದ್ದ ನರಸಿಂಹಮೂರ್ತಿಗೆ ಈಗ ಚುರುಕು ಮುಟ್ಟಿತು. ಮುಂದೆ ಬಂದು, ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದ.

"ನೋಡಮ್ಮ, ನಿಮ್ಮ ದುಃಖ ನನಗೆ ಅರ್ಥವಾಗುತ್ತೆ. ಆದರೆ ಆ ಪ್ಲೇಟುಗಳಲ್ಲಿ ಇರೋದು ನನ್ನ ಕೆಲಸ. ಎಷ್ಟು ಓಡಾಡಿ ಪರ್ಮಿಷನ್ನು ತಂದಿದ್ದೀನಿ ಗೊತ್ತಾ?"

"ನಿಮ್ಮ ಚಿಮಣಿ ನಾಳೆಯೂ ಅಲ್ಲೇ ಇರುತ್ತೆ ಸ್ವಾಮಿ."

"ಪರ್ಮಿಷನ್ನು ನಾಳೆಗಿಲ್ಲವಲ್ಲ."

"ನಮ್ಮಪ್ಪನಿಗೂ ನಾಳೆಗಿಲ್ಲ."

ವಿಭೂತಿ ತಟ್ಟೆ ಹಿಡಿದು ಮುಂದೆ ನಿಂತಿದ್ದ ಮಠದ ಅಯ್ಯನವರು ಚಪ್ಪರದಾಚೆ ಬಿಸಿಲು ನೋಡಿದರು. "ಹೊತ್ತು ಇನ್ನೂ ಇದೆ. ಇಳಿಸ್ರಪ್ಪ" ಅಂದರು. ಹೊತ್ತವರು ಅದನ್ನೇ ಕಾಯುತ್ತಿದ್ದವರ ಹಾಗೆ ಇಳಿಸಿದರು.

"ಗಂಗಾಧರಪ್ಪ, ಆ ಸ್ಲೈಡನ್ನ ನನ್ನ ಕಾರಿಗೆ ತಂದಿಡಿ" ಅಂದ ನರಸಿಂಹಮೂರ್ತಿ. ಮೆತ್ತಗೆ ಹೇಳಿದರೂ ಅದು ಹುಕುಮೇ.

ಗಂಗಾಧರಪ್ಪ ಕ್ಯಾಮೆರಾದ ಹತ್ತಿರ ಬಂದ. ಸ್ಲೈಡು ಕೈಗೆ ತೆಗೆದುಕೊಂಡ. ಕಾರಿನ ಕಡೆಗೂ ಹೋಗಲಿಲ್ಲ, ಅಪ್ಪನ ಕಡೆಗೂ ಹೋಗಲಿಲ್ಲ. ಅಕ್ಕನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ತೆಗೆದ್ರೂ ಬರಲ್ಲ ಅಕ್ಕ. ಪ್ಲೇಟಿನ ಮೇಲರ್ಧ ಬರೀ ಆಕಾಶ. ಬೆಳಕು ಕುಡಿದು ತುಂಬಿಹೋಗಿದೆ. ಅಪ್ಪನ ಮುಖ ಸರಿಯಾಗಿ ಅಲ್ಲೇ ಬೀಳುತ್ತೆ. ಆಕಾಶ ನುಂಗಿಬಿಡುತ್ತೆ."

ಅದು ನಿಜ. ಎಷ್ಟು ಪ್ಲೇಟು ತೊಳೆದಿಲ್ಲ ಅವಳು, ಆಕಾಶವಿದ್ದ ಕಡೆ ಗಾಜು ಕಾಡಿಗೆ ಬಳಿದ ಹಾಗೆ ಕಪ್ಪಾಗಿರುತ್ತಿತ್ತು, ಕಾಗದಕ್ಕೆ ಇಳಿಸಿದರೆ ಅದೇ ಬರೀ ಬಿಳಿ, ಅದರ ಮೇಲೆ ಇನ್ನೇನೂ ಹಿಡಿಯುವ ಹಾಗಿಲ್ಲ. ನಿಜವಾದರೂ ಅವಳು ಬಿಡಲು ತಯಾರಿರಲಿಲ್ಲ.

"ಬಂದಷ್ಟು ಬರಲಿ. ಕಾಲಾದ್ರೂ ಬರಲಿ, ಕೈಯಾದ್ರೂ ಬರಲಿ. ಏನೂ ಬರದೇ ಇದ್ರೆ ಖಾಲಿ ಗಾಜಿಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೀತೀನಿ. ಇದು ನಮ್ಮಪ್ಪ, ಇವನ ಮಗ ಫೋಟೋಗ್ರಾಫರು ಅಂತ ಬಂದವರಿಗೆಲ್ಲ ತೋರಿಸ್ತೀನಿ."

ಅವನು ಸ್ಲೈಡನ್ನು ಕೈಯಲ್ಲೇ ತಿರುಗಿಸಿ ನೋಡಿದ. ಆಮೇಲೆ ನಡುಮನೆ ಹೊಕ್ಕು, ಗೂಟದ ಕಂಬಳಿ ಎಳೆದುಕೊಂಡು, ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಸುಭದ್ರಮ್ಮ ಹಿಂದೆಯೇ ಹೋದಳು. ಓಡಿಹೋದನೇನೋ ಅಂದುಕೊಂಡಿದ್ದಳು. ಒಳಗಿಂದ ದನಿ ಬಂತು.

"ಅಕ್ಕ, ಬಾಗಿಲ ಸಂದಿಗೆ ಬಟ್ಟೆ ತುರುಕು. ಬೆಳಕು ಬರ್ತಿದೆ."

ತುರುಕಿದಳು. "ಏನ್ ಮಾಡ್ತಿದ್ದೀಯ?"

"ಪ್ಲೇಟನ್ನ ತಲೆಕೆಳಗು ಮಾಡಿ ಹಾಕ್ತಿದ್ದೀನಿ. ಆಕಾಶ ಅಪ್ಪನ ಕಾಲಿಗೆ ಹೋಗಲಿ. ಕೆಳಗಿನ ಬಂಡೆ ಕತ್ತಲಾಗಿದೆ, ಅಲ್ಲಿ ಬೆಳಕು ಬಿದ್ದಿಲ್ಲ. ಅದು ಮುಖಕ್ಕೆ ಬರಲಿ."

ಬೆಳಗಿನಿಂದ ಅವನು ಅಪ್ಪನ ಬಗ್ಗೆ ಮಾಡಿದ ಮೊದಲನೇ ಯೋಚನೆ ಇದು. ಸುಭದ್ರಮ್ಮನಿಗೆ ಅದು ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಅವಳೇನೂ ಕರಗಲಿಲ್ಲ. ಇಷ್ಟು ತಲೆ ಓಡುವವನಿಗೆ ಬೆಳಿಗ್ಗೆ ಯಾಕೆ ಓಡಲಿಲ್ಲ ಅಂತ ಇನ್ನಷ್ಟು ಉರಿಯಿತು.

ಹೊರಗೆ ಬಂದು ಸ್ಲೈಡು ಸಿಕ್ಕಿಸಿದಾಗ ನರಸಿಂಹಮೂರ್ತಿ ತಡೆಯಲಾರದೆ ಕೇಳಿದ. "ಯಾವುದರ ಮೇಲೆ ತೆಗೀತಿದ್ದೀರಿ? ಹೊಗೆ ಬಗ್ಗಿದೆಯಲ್ಲ, ಅದರ ಮೇಲೆ ತಾನೆ?"

"ಇಲ್ಲ. ಎರಡನೇದರ ಮೇಲೆ."

"ರೀ, ಅದೇ ಅಲ್ವೇನ್ರೀ ಚೆನ್ನಾಗಿ ಬಂದಿರೋದು."

"ಎರಡನೇದು ಅಪ್ಪಂದು. ಬೆಳಿಗ್ಗೆ ಅಕ್ಕನಿಗೆ ಒಪ್ಪಿಕೊಂಡಿದ್ದೆ."

ಮುಚ್ಚಳ ಎಳೆದ. ಈ ಸಲ ಅಕ್ಕನಿಗೆ ಕಾಣುವ ಹಾಗೆ ಪೂರ್ತಿ ಎಳೆದ. ಟೋಪಿ ತೆಗೆದ. ಎಣಿಸಲಿಕ್ಕೆ ತುಟಿ ಅಲುಗಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದ. ಬೆಳಕು ಎಷ್ಟು ಹೊತ್ತು ಬೀಳಬೇಕೋ ಅದಕ್ಕಿಂತ ಹೆಚ್ಚೇ ಬಿತ್ತೇನೋ ಅಂತ ಸುಭದ್ರಮ್ಮನಿಗೆ ದಿಗಿಲಾಯಿತು. ಕೊನೆಗೆ ಟೋಪಿ ಹಾಕಿ ಮುಚ್ಚಳ ಇಳಿಸಿದ. ನರಸಿಂಹಮೂರ್ತಿ ತಂದ ಹಾರವನ್ನು ಅಪ್ಪನ ಕಾಲ ಬಳಿ ಹಾಕಿ, "ನಿಮ್ಮಂಥವರನ್ನು ನಂಬಿದ್ದು ನನ್ನ ತಪ್ಪು" ಅಂತ ಹೇಳಿ ಕಾರು ಹತ್ತಿದ. ಬೀದಿಯ ಜನ ದಾರಿ ಬಿಟ್ಟರು. ಸುಭದ್ರಮ್ಮ ಬಾಗಿಲಿನಿಂದ ಕೈ ತೆಗೆದು ಪಕ್ಕಕ್ಕೆ ಸರಿದಳು. ಅಪ್ಪ ಹೊಸಿಲು ದಾಟಿದ. ಅವಳಿಗೆ ಅಳು ಬಂದದ್ದು ಆಗ.

ಅಪ್ಪನ ಹೆಸರಿನ ಆರಾಧನೆಯ ದಿನ ಗಂಗಾಧರಪ್ಪ ಶಿವಮೊಗ್ಗದಿಂದ ಬಂದ. ಕಂಕುಳಲ್ಲಿ ಕಾಗದ ಸುತ್ತಿದ ಕಟ್ಟು. ಊಟಕ್ಕೆ ಎಲೆ ಹಾಕಿದ್ದರು, ಮನೆ ತುಂಬ ಜನ. ಅವನು ನೇರ ಅಡಿಗೆಮನೆಯ ಬಾಗಿಲಿಗೆ ಬಂದು ಅಕ್ಕನ ಕೈಗೆ ಕೊಟ್ಟ. ಸುಭದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾಗದ ಬಿಚ್ಚಿದಳು.

ಬಂದಿತ್ತು. ಅಪ್ಪನ ಮುಖ ಬಂದಿತ್ತು. ಹೊಳೆ ದಡದ ಬಂಡೆಯ ಕತ್ತಲೆಯ ಮೇಲೆ ವಿಭೂತಿಯ ಮೂರು ಗೆರೆ, ಪೇಟ, ಮೂಗು, ಹೂವಿನ ಹಾರ, ಎಲ್ಲ ನಿಚ್ಚಳವಾಗಿ ಬಂದಿತ್ತು. ಎದೆಯ ಕೆಳಗೆ ಹೊಳೆಯ ನೀರು ಅಡ್ಡ ಹಾದಿತ್ತು. ಲಿಂಗ ಹಿಡಿದ ಕೈ ಮಸುಕು ಮಸುಕು. ಅದರ ಕೆಳಗೆ ಅಪ್ಪನ ಕಾಲು ಇರಬೇಕಾದ ಕಡೆ ಬರೀ ಬಿಳಿ, ಆ ಬಿಳಿಯೊಳಗೆ ಕಾರ್ಖಾನೆಯ ಚಿಮಣಿಗಳೆಲ್ಲ ತಲೆಕೆಳಗಾಗಿ ಅಪ್ಪನ ಮಡಿಲಿನಿಂದ ಜೋತುಬಿದ್ದಿದ್ದವು. ಹೊಗೆ ನೆಟ್ಟಗೆ ಕೆಳಕ್ಕೆ ಇಳಿದಿತ್ತು. ಹಿಂದಿನಿಂದ ಇಣುಕಿ ನೋಡಿದ ಷಣ್ಮುಖಪ್ಪ "ಇದೇನೋ ಇದು, ಅಣ್ಣ ಗಾಳಿಯಲ್ಲಿ ಕೂತ ಹಾಗಿದೆ" ಅಂದ. ಅಯ್ಯನವರು ನೋಡಿ ಕೈ ಮುಗಿದರು. ಸುಭದ್ರಮ್ಮ ಮಾತ್ರ ಮುಖ ಬಿಟ್ಟು ಬೇರೆ ಯಾವುದನ್ನೂ ನೋಡಲಿಲ್ಲ. ನೋಡುತ್ತಾ ನೋಡುತ್ತಾ ಅವಳ ಹುಬ್ಬು ಗಂಟಾಯಿತು.

"ಕಣ್ಣು ಮುಚ್ಚಿದೆ" ಅಂದಳು.

ಮುಚ್ಚದೆ ಇನ್ನೇನು, ಸತ್ತವನ ಕಣ್ಣು. ಅದು ಅವಳಿಗೂ ಗೊತ್ತಿತ್ತು. ಗಂಗಾಧರಪ್ಪ ಈ ಮಾತಿಗೆ ಕಾದಿದ್ದವನ ಹಾಗೆ ಚೀಲಕ್ಕೆ ಕೈ ಹಾಕಿ ಬ್ರಷ್ಷಿನ ಡಬ್ಬಿ ತೆಗೆದ. ಸತ್ತವರ ಫೋಟೋಗಳಿಗೆ ಬಿಟ್ಟ ಕಣ್ಣು ಬರೆದುಕೊಡುವುದು ಅವನ ಸ್ಟುಡಿಯೋದಲ್ಲಿ ನಡೆದುಬಂದದ್ದೇ. ಸುಭದ್ರಮ್ಮ ಅಲ್ಲಿದ್ದಾಗ ಬಣ್ಣ ಅರೆದುಕೊಟ್ಟವಳೇ. ಬರೆದ ಮೇಲೆ ಮನೆಯವರು ನೋಡಿ, ಥೇಟು ಎದ್ದು ಬಂದ ಹಾಗಿದೆ ಅಂತ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

"ಬರೆದುಕೊಡ್ತೀನಿ ಅಕ್ಕ. ಇಲ್ಲೇ ಕೂತು ಬರೀತೀನಿ. ಅಪ್ಪನ ಕಣ್ಣು ನನಗೆ ಗೊತ್ತಿಲ್ವಾ?"

ಸುಭದ್ರಮ್ಮ ಫೋಟೋವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ದನಿ ಏರಿಸಲಿಲ್ಲ. ಎಲೆಯ ಮುಂದೆ ಕೂತವರೆಲ್ಲ ಕೇಳುತ್ತಿದ್ದರು, ಕೇಳಿಸಿಕೊಳ್ಳಲಿ.

"ಮುಟ್ಟಬೇಡ. ಬಿಟ್ಟ ಕಣ್ಣು ವರ್ಷಗಟ್ಟಲೆ ನಿನ್ನ ಪಕ್ಕದಲ್ಲೇ ನಿಂತಿತ್ತು ಕಣೋ. ಆಗ ನೀನು ಆಚೆ ದಡ ನೋಡ್ತಿದ್ದೆ."

ಗಂಗಾಧರಪ್ಪ ಡಬ್ಬಿಯ ಮುಚ್ಚಳ ಹಾಕಿ ಅದನ್ನು ಚೀಲಕ್ಕೆ ಇಳಿಸಿದ. ಅವಳು ಮೊಳೆ ಹುಡುಕಲು ಒಳಗೆ ಹೋದಳು.